ಮೂರು ಜೋಡಿ ಕಿವಿ

ನನ್ನ ಕಿವಿಗೆ ಏನೂ ಆಗಿಲ್ಲ ಎಂದು ಆರು ತಿಂಗಳಿಂದ ಮಗಳ ಜೊತೆ ಜಗಳವಾಡುತ್ತಿದ್ದೆ. ಚೇತನಾ ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಾಳೆ. ಎರಡಕ್ಷರ ಕಲಿತದ್ದೇ ತಡ, ಅಪ್ಪನೇ ಅವಳ ಮೊದಲ ಪೇಶಂಟು. ಒಂದು ದಿನ ಫೋನಿನಲ್ಲಿ ಯಾವುದೋ ಕಾಡುಹಕ್ಕಿಯ ಸಿಳ್ಳು ಹಚ್ಚಿ ನನ್ನ ಕಿವಿಗೆ ಹಿಡಿದಳು. ನನಗೆ ಏನೂ ಕೇಳಲಿಲ್ಲ.

"ಇದು ಫೋನಿನ್ಯಾಗಿನ ಹಕ್ಕಿ. ಖರೇ ಹಕ್ಕಿ ಆದ್ರ ಕೇಳ್ತೇನಿ," ಎಂದೆ.

"ಹಂಗಾರ ಕಾಡಿಗಿ ಹೋಗಿ ಕೇಳಿ ಬಾ. ಕೇಳಲಿಲ್ಲಂದ್ರ ಸುಮ್ನ ದವಾಖಾನಿಗಿ ಬರಬೇಕು."

ಸಿಟ್ಟಿನಲ್ಲಿ ಹೂಂ ಅಂದುಬಿಟ್ಟೆ.

ಇಳಕಲ್ಲಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಪವರ್‌ಲೂಮ್ ನಡೆಸುತ್ತಾ ಬಂದವನು ನಾನು. ಆ ಗದ್ದಲದಲ್ಲಿ ಕಿವಿ ಯಾರಿಗೆ ಬೇಕು? ನಾವು ಮಾತಾಡುವುದೆಲ್ಲ ತುಟಿ ನೋಡಿ, ಕೈ ಮಾಡಿ. ಎಳೆ ಹರಿದರೆ ಎರಡು ಬೆರಳು, ಚಹಾಕ್ಕೆ ಹೆಬ್ಬೆರಳು. ಹಾಗಾಗಿ ನನ್ನ ಸಂಗತಿ ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುವುದೂ ನನಗೆ ಬೇಡವಾಗಿತ್ತು. ನಮ್ಮ ಜೊತೆಗಿದ್ದ ರಾಚಪ್ಪನಿಗೆ "ಕಿವುಡ್ಯಾ" ಎಂದು ಹೆಸರಿಟ್ಟವರು ನಾವೇ. ಅವನು ಚಹಾದಂಗಡಿಗೆ ಬರುವುದನ್ನೇ ಬಿಟ್ಟ. ನನಗೂ ಅದೇ ಗತಿ ಬಂದೀತೆಂದು ಹೆದರಿಕೆ.

ಪಕ್ಕದ ಮಗ್ಗದ ಶಂಕರಲಿಂಗನಿಗೂ, ಮಗ್ಗ ರಿಪೇರಿಯ ಜಲಾಲುದ್ದೀನನಿಗೂ, "ಗುಡ್ಡದ ಕಾಡು ನೋಡಿ ಬರೂಣ ನಡೀರಿಲೇ, ಅಲ್ಲೊಂದು ಹಕ್ಕಿ ಸಿಳ್ಳು ಹಾಕ್ತದಂತ," ಎಂದೆ. ಹೆಂಡರು ಮಕ್ಕಳನ್ನು ಬಾದಾಮಿಗೂ ಕರೆದೊಯ್ಯದ ಗಂಡಸರು ಇವರು. ಇಬ್ಬರೂ ತಕ್ಷಣ ಒಪ್ಪಿದ್ದು ನೋಡಿ ನನಗೇ ಆಶ್ಚರ್ಯ. ಜಲಾಲುದ್ದೀನನ ಹಳೇ ಓಮ್ನಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೇರಿಕೊಂಡು ಹೊರಟೆವು.

ಮೊದಲು ಅಣಶಿಯ ಕಾಡು. ಅಲ್ಲಿ ಕೊಡಲಿಯಷ್ಟು ದೊಡ್ಡ ಕೊಕ್ಕಿನ ಹಕ್ಕಿ ನೋಡಿದೆವು. ಒಂದು ಚಿಟ್ಟೆಯ ಹಿಂದೆ ಬಿದ್ದ ಶಂಕರಲಿಂಗ, ಅದರ ರೆಕ್ಕೆಯ ಅಂಚು ತೋರಿಸಿ, "ಈ ದಡಿ ಯಾರು ನೇಯ್ದಾರಲೇ? ನಮ್ಮ ಸೀರಿಗಿ ಬರಲಿಕ್ಕಿಲ್ಲ ಇದು," ಎಂದು ಅರ್ಧ ತಾಸು ಕಳೆದ. ನಮ್ಮ ಹಕ್ಕಿ ಮಾತ್ರ ಸಿಗಲಿಲ್ಲ. ಅಲ್ಲಿಂದ ಕುದುರೆಮುಖದ ಕಾಡಿಗೆ ಹೊರಟೆವು. ಘಾಟಿನಲ್ಲಿ ಹಿಂದಿನಿಂದ ಬಂದ ಲಾರಿಗೆ ಜಲಾಲುದ್ದೀನ ದಾರಿಯನ್ನೇ ಬಿಡಲಿಲ್ಲ. ಕೊನೆಗೆ ಅದು ಮುಂದೆ ಹೋದಾಗ ಡ್ರೈವರ್ ಕೈ ಬೀಸಿ ಬೈದ. ಜಲಾಲುದ್ದೀನನಿಗೆ ಸೊಕ್ಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ, ಅಲ್ಲಿ ಗೊತ್ತುಮಾಡಿಕೊಂಡ ಗೈಡ್ ನಮ್ಮನ್ನು ಒಂದು ಹಳ್ಳದ ದಂಡೆಗೆ ಕರೆದೊಯ್ದ. ಬಂಡೆಯ ಮೇಲೆ ಕಪ್ಪು ಹಕ್ಕಿ, ಹಣೆಗೆ ಮಿಂಚುವ ನೀಲಿ. ಗೈಡ್ ತುಟಿಯ ಮೇಲೆ ಬೆರಳಿಟ್ಟು ಅತ್ತ ತಿರುಗಿದ. ನಾನು ಹಕ್ಕಿಯನ್ನು ಬಿಟ್ಟು ಗೆಳೆಯರ ಮುಖ ನೋಡುತ್ತಾ ನಿಂತೆ. ಅವರಿಗೆ ಕೇಳಿದಾಗ ನಾನೂ ತಲೆಯಾಡಿಸಬೇಕಲ್ಲ! ಶಂಕರಲಿಂಗನ ತುಟಿಯಂಚಿನಲ್ಲಿ ನಗು ಕಂಡಿತು. ನಾನೂ ನಕ್ಕೆ. ಜಲಾಲುದ್ದೀನ ತಲೆದೂಗಿದ.

"ಆಹಾ, ಎಂಥಾ ದನಿಲೇ!" ಎಂದೆ.

ಗೈಡ್ ತಿರುಗಿ ನೋಡಿದ. "ಏನ್ ಸಾರ್, ಅದಿನ್ನೂ ಕೂಗೇ ಇಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಶಂಕರಲಿಂಗನೇ ಬಾಯಿಬಿಟ್ಟ. "ನಾ ಜಲಾಲನ ಮುಖಾ ನೋಡಿ ನಕ್ಕೆ."

"ನಾ ನಿಮ್ಮಿಬ್ಬರನ್ನ ನೋಡಿ ತಲಿ ತೂಗಿದೆ," ಎಂದ ಜಲಾಲುದ್ದೀನ. ಆಮೇಲೆ ನೆಲ ನೋಡುತ್ತಾ, "ನಿನ್ನೆ ಆ ಲಾರಿ ಹಾರ್ನೂ ಕೇಳಿಲ್ಲ. ಭಾಳ ಅಂಜಿಕಿ ಆಗೇತಿ ನನಗ," ಎಂದ.

ಆಗ ಹಕ್ಕಿ ಕೊಕ್ಕು ತೆರೆಯಿತು. ಅದರ ಗಂಟಲು ನಡುಗುವುದು ಕಂಡಿತು, ಗೈಡ್‌ನ ಮುಖ ಅರಳಿದ್ದೂ ಕಂಡಿತು. ನಮ್ಮ ಮೂರು ಜೋಡಿ ಕಿವಿಗೆ ಒಂದು ಸಣ್ಣ ಎಳೆಯಷ್ಟೂ ಬೀಳಲಿಲ್ಲ. ನನಗೆ ಅಳು ಬಂತು. ಅದರ ಬೆನ್ನಿಗೇ ನಗುವೂ ಬಂತು. ಒಬ್ಬನೇ ಅಲ್ಲ ಎಂಬ ಸಮಾಧಾನಕ್ಕೆ ಮೂವರೂ ಹೊಟ್ಟೆ ಹಿಡಿದು ನಕ್ಕೆವು, ಹಕ್ಕಿ ಹಾರಿಹೋಯಿತು. "ಹೆಂಗ ಕೂಗ್ತದ ತೋರಿಸ್ರಿ," ಎಂದು ಗೈಡ್‌ನ ದುಂಬಾಲು ಬಿದ್ದೆವು. ಅವನು ನಾಚುತ್ತಾ ಸಿಳ್ಳು ಹಾಕಿದ. ನಾವು ಅವನ ತುಟಿಯನ್ನೇ ನೋಡಿದೆವು. ಏರಿಳಿತ ತಿಳಿಯಲಿಲ್ಲವೆಂದು ಜಲಾಲುದ್ದೀನ ಇನ್ನೊಮ್ಮೆ ಹಾಕಿಸಿದ.

ವಾಪಸು ಬರುವಾಗ ಜಲಾಲುದ್ದೀನ ಗಾಡಿ ಓಡಿಸಿದರೆ, ನಾವಿಬ್ಬರು ಹಿಂದಿನ ರಸ್ತೆ ನೋಡುತ್ತಾ ಕೂತೆವು. ಚಹಾಕ್ಕೆ ನಿಂತಾಗ ಚೇತನಾ ವಿಡಿಯೋ ಕಾಲ್ ಮಾಡಿದಳು.

"ಹಕ್ಕಿ ಕೇಳಿತೇನಪ್ಪಾ?"

"ಇಲ್ಲವ್ವಾ. ದವಾಖಾನ್ಯಾಗ ಹೆಸರು ಬರೆಸು. ನಾಕು ಮಂದಿದು."

"ನೀವು ಹೋದವ್ರು ಮೂರೇ ಮಂದಿ ಅಲಾ?"

"ರಾಚಪ್ಪಂದೂ ಬರಿ," ಎಂದೆ. "ಅವನ ಮನಿಗಿ ನಾನ ಹೋಗಿ ಕರಕೊಂಡು ಬರ್ತೇನಿ."