ಕಾಳವ್ವನ ಕಾಲು

"ಹೊಲಗೇರಿ ಮಂದಿ ಮೆಟ್ಟಲಾ ಹತ್ತಬ್ಯಾಡ್ರಿ ಅಂದ್ರ ತಿಳಿಯಂಗಿಲ್ಲೇನಲೇ, ಸೂಳಿಮಗನ! ಅಲ್ಲೇ ಗಿಡದ ಬುಡಕ್ಕ ಮಲಗಸು ಆಕಿನ್ನ!"

ವಿಜಾಪುರದ ದವಾಖಾನೆಯ ಕಂಪೌಂಡರ ಚೀರಿದ. ತಂಗಿ ಕಾಳವ್ವನನ್ನು ಹೊತ್ತು ನಿಂತಿದ್ದ ಅಮರಪ್ಪ ಹಿಂದೆ ಸರಿದು, ಅವಳನ್ನು ಬೇವಿನ ನೆರಳಿಗೆ ಮಲಗಿಸಿದ. ೧೯೪೬ರ ಬೇಸಿಗೆ. ಬಬಲೇಶ್ವರದಿಂದ ಚಕ್ಕಡಿಯಲ್ಲಿ ಬರುವಷ್ಟರಲ್ಲಿ ಅವಳ ಕಾಲಿಗೆ ಸುತ್ತಿದ್ದ ಅರಿವೆ ರಕ್ತದಿಂದ ಗಟ್ಟಿಯಾಗಿತ್ತು.

ಊಟ ಮುಗಿಸಿ ಬಂದ ಡಾಕ್ಟರು ದೂರದಿಂದಲೇ ಕೇಳಿದರು. "ಏನಾಗೇತಿ?"

ಅಮರಪ್ಪನ ಬೆನ್ನಿಗೆ ಊರ ಜಮೀನುದಾರ ದೇಸಾಯಿಯ ಕಾರಕೂನ ಗುರಣ್ಣ ನಿಂತಿದ್ದ. ದಾರಿಯುದ್ದಕ್ಕೂ ಅವನು ಹೇಳಿಕೊಟ್ಟದ್ದು ಒಂದೇ ಮಾತು: "ಬಾವ್ಯಾಗ ಮದ್ದು ಹಾರಿಸಾಕ ದೇಸಾಯರ ಹತ್ರ ಪರವಾನಗಿ ಇಲ್ಲ. ಬತ್ತಿ ಹಚ್ಚಿದಾಂವ ನೀನು. ಬಾಯಿ ಬಿಟ್ಟಿ ಅಂದ್ರ ಜೇಲಿಗೆ ಹೋಗಾಂವನೂ ನೀನ."

"ಹುಣಸಿಗಿಡದಿಂದ ಬಿದ್ದಾಳ್ರಿ" ಎಂದ ಅಮರಪ್ಪ.

ಕಾಳವ್ವ ಕಣ್ಣು ತೆರೆದು ಅಣ್ಣನನ್ನು ನೋಡಿದಳು.

ಹಿಂದಿನ ದಿನ ಅವಳು ದೇಸಾಯಿ ತೋಡಿಸುತ್ತಿದ್ದ ಬಾವಿಯ ತಳದಲ್ಲಿ ಬುಟ್ಟಿಗೆ ಕಲ್ಲು ತುಂಬುತ್ತಿದ್ದಳು. "ಹಚ್ಚಲೇ ಲಗೂನ!" ಎಂದು ದೇಸಾಯಿ ಮೇಲಿನಿಂದ ಬೈದ. ಅವಳು ಹತ್ತಲಿ ಎಂದು ಕಾಯದೆ ಅಮರಪ್ಪ ಬತ್ತಿ ಹಚ್ಚಿ ತಾನು ಓಡಿ ಮೇಲೆ ಬಂದಿದ್ದ. ಮದ್ದು ಹಾರಿದಾಗ ಅವಳಿನ್ನೂ ಅರ್ಧ ದಾರಿಯಲ್ಲಿದ್ದಳು.

ಕಂಪೌಂಡರ ಮುಲಾಮನ್ನೂ ಪಟ್ಟಿಯನ್ನೂ ನೆಲಕ್ಕೆ ಎಸೆದ. "ನೀನ ಕಟ್ಕೊ." ಮಾಂಸದೊಳಗೆ ಕಲ್ಲಿನ ಚೂರುಗಳಿರುವುದು ಅಮರಪ್ಪನಿಗೆ ಗೊತ್ತಿತ್ತು. ಅವುಗಳ ಮೇಲೆಯೇ ಬಿಗಿದು ಕಟ್ಟಿದ.

ಊರಿಗೆ ಮರಳಿದ ಎಂಟನೆಯ ದಿನಕ್ಕೆ ಕಾಲು ಕೊಳೆತು ನಾರತೊಡಗಿತು. ದೇಸಾಯಿ ಚಕ್ಕಡಿ ಕೊಡಲಿಲ್ಲ. ಊರ ಗಾಡಿಕಾರ ಬುಡ್ಡೇಸಾಬ ತನ್ನದನ್ನು ಹೂಡಿದ. ಈ ಸಲ ಡಾಕ್ಟರು ಅವಳನ್ನು ಒಳಗೆ ಒಯ್ಯಿಸಿ, ಮೊಣಕಾಲ ಮೇಲಕ್ಕೆ ಕಾಲು ಕತ್ತರಿಸಿದರು. ಆಮೇಲೆ ಒಂದು ತಾಟು ಹಿಡಿದು ಹೊರಗೆ ಬಂದರು. ಅದರಲ್ಲಿ ನಾಲ್ಕು ಕರಿಕಲ್ಲಿನ ಚೂರು.

"ನಿಮ್ಮೂರಾಗ ಹುಣಸಿಗಿಡಕ್ಕ ಕಲ್ಲು ಬಿಡತಾವೇನಲೇ? ಮದಲ ಹೇಳಿದ್ರ ಕಾಲು ಉಳೀತಿತ್ತಲ್ಲೋ, ಬೋಳಿಮಗನ!"

ಸಂಜೆ, ಹಿತ್ತಲ ಪಡಸಾಲೆಯ ಚಾಪೆಯ ಮೇಲೆ ಕಾಳವ್ವನಿಗೆ ಎಚ್ಚರವಾಯಿತು.

"ಯಣ್ಣಾ, ಅಂಗಾಲು ತುರಸಾಕತ್ತೈತಿ. ಒಂಚೂರು ಕೆರಿಯೋ."

ಅಮರಪ್ಪ ಬರಿ ಚಾಪೆಯನ್ನು ಕೆರೆದ. "ಹಾಂ, ಅಲ್ಲೇ" ಎಂದು ಅವಳು ಕಣ್ಣು ಮುಚ್ಚಿದಳು. ಅವಳಿಗೆ ನಿದ್ದೆ ಹತ್ತುವವರೆಗೂ ಕೆರೆದ. ಆಮೇಲೆ ಎದ್ದು ನೇರವಾಗಿ ಡಾಕ್ಟರ ಕೋಣೆಗೆ ನುಗ್ಗಿದ.

"ಬರ್ಕೋರಿ ಸಾಹೇಬ್ರ. ದೇಸಾಯಿ ಬಾವ್ಯಾಗ ಮದ್ದು ಹಾರೇತಿ. ಹಚ್ಚು ಅಂದಾಂವ ದೇಸಾಯಿ. ಹಚ್ಚಿದಾಂವ ನಾನು. ಸುಳ್ಳು ಹೇಳಿದಾಂವನೂ ನಾನ."

ಡಾಕ್ಟರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ದೇಸಾಯರ ಹೆಸರು ಬ್ಯಾಡೋ. ಬೇಕಾದ್ರ ನಿಂದಷ್ಟ ಬರೀತೇನಿ."

"ಎರಡೂ ಬರೀರಿ. ಮದಲ ನಂದ ಬರೀರಿ."

ಡಾಕ್ಟರು ಲೇಖನಿ ಮುಟ್ಟಲಿಲ್ಲ. ಅಮರಪ್ಪ ಮೇಜಿನ ಮೇಲಿದ್ದ ಮಸಿ ದೌತಿಯನ್ನು ಎತ್ತಿಕೊಂಡು, ಮುಚ್ಚಳ ತೆಗೆದು, ಅವರ ಮುಂದಿಟ್ಟು ನಿಂತ.