ಸೋಮವಾರದ ಓತಿಕ್ಯಾತಗಳು

ಸಾಂಬ್ರಾಣಿ ಊರಿನ ಹೊರಗಿನ ಕಲ್ಲುಬಯಲಿನಲ್ಲಿ ಓತಿಕ್ಯಾತ ಹಿಡಿಯುವುದರಲ್ಲಿ ಸುನಂದಾಳನ್ನು ಮೀರಿಸುವವರಿರಲಿಲ್ಲ. ಕೋಲಿನ ತುದಿಗೆ ದಾರದ ಕುಣಿಕೆ, ಉಸಿರು ಬಿಗಿಹಿಡಿದು ಎರಡು ಹೆಜ್ಜೆ, ಅಷ್ಟೇ. ಗಂಡು ಓತಿ ಗದ್ದದ ಕೆಳಗಿನ ನೀಲಿ ಬೀಸಣಿಗೆಯಂಥ ತೊಗಲು ಬಿಚ್ಚಿ ಹೆಣ್ಣಿನ ಮುಂದೆ ಮೆರೆಯುತ್ತಿರುವಾಗಲೇ ಕೊರಳಿಗೆ ಕುಣಿಕೆ ಬಿದ್ದಿರುತ್ತಿತ್ತು.

"ಹೊಲದಾಗಿನ ಕಳೆ ಬಿಟ್ಟು ಓತಿಕ್ಯಾತಕ್ಕ ತಾಳಿ ಕಟ್ಟಾಕ ಹೊಂಟಾಳ ನೋಡ್ರಿ ನಮ್ಮ ಸೊಸಿ," ಎಂದು ಅತ್ತೆ ಮುದಕವ್ವ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು.

ಕೆಲಸ ಕೊಟ್ಟವಳು ದಾಂಡೇಲಿಯ ಉಜ್ಮಾ. ಈ ಓತಿಗಳು ಎಷ್ಟಿವೆ, ಎಷ್ಟು ದಿನ ಬದುಕುತ್ತವೆ, ಯಾವಾಗ ಮೊಟ್ಟೆ ಇಡುತ್ತವೆ ಎಂದು ಎರಡು ವರ್ಷದಿಂದ ನೋಡುತ್ತಿದ್ದಳು. ಅದನ್ನೇ ಬರೆದು ಪದವಿ ಪಡೆಯಬೇಕಿತ್ತು. ಹಿಡಿದದ್ದರ ಬೆರಳಿನ ತುದಿ ಚೂರೇ ಕತ್ತರಿಸಿ ಬಿಡಬೇಕು, ಒಂದೊಂದಕ್ಕೆ ಒಂದೊಂದು ಗುರುತು. ಗುರುತಿದ್ದದ್ದು ಹಳೆಯದು, ಇಲ್ಲದ್ದು ಹೊಸದು ಎಂದು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಮೊದಲ ವರ್ಷ ಉಜ್ಮಾ ತಾನೇ ಊರಲ್ಲಿದ್ದು ಮಾಡಿದ್ದಳು. ಈ ವರ್ಷ ವಾರಕ್ಕೊಮ್ಮೆ ಬಸ್ಸಿಗೆ ಬಂದು ಹೋಗುತ್ತಿದ್ದಳು, ಉಳಿದ ದಿನ ಸುನಂದಾಳದೇ ಕಾರಭಾರ.

ಸೋಮವಾರ ಸುನಂದಾಳ ಮನೆಯಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅಂಥ ಶಿವನ ವಾರ ಬಾಯಿಲ್ಲದ ಜೀವದ ಬೆರಳು ಕತ್ತರಿಸುವುದು ಹೇಗೆ? ಸೋಮವಾರ ಸಿಕ್ಕವಕ್ಕೆ ಮಗಳ ಕೆಂಪು ಉಗುರುಬಣ್ಣ ಬೆನ್ನಿಗೆ ಹಚ್ಚಿ ಬಿಟ್ಟಳು. ಗುರುತೆಂದರೆ ಗುರುತು.

ಆಷಾಢದ ಒಂದು ಬೆಳಿಗ್ಗೆ, ಕಲ್ಲಿನ ಮೇಲೆ ಕೂತ ಓತಿಯೊಂದರ ಬೆನ್ನಿಂದ ಪೊರೆ ಬಿಟ್ಟು ಬರುತ್ತಿತ್ತು. ಪೊರೆಯ ಜೊತೆಗೇ ಕೆಂಪು ಬಣ್ಣವೂ. ಸುನಂದಾ ಕೋಲು ಕೆಳಗಿಟ್ಟಳು. ಹಾಗಾದರೆ ಸೋಮವಾರದವೆಲ್ಲ ಬಣ್ಣ ಕಳಕೊಂಡು, ಬೇರೆ ದಿನ ಹೊಸವೆಂದು ಮತ್ತೆ ಪುಸ್ತಕ ಸೇರಿದ್ದವು!

ಅವತ್ತೇ ಉಜ್ಮಾ ನಗುತ್ತ ಬಂದಳು. "ಸುನಂದಕ್ಕಾ, ಹೋದ ವರ್ಷ ನೂರಾ ಅರವತ್ತಿದ್ವು, ಈ ವರ್ಷ ಇನ್ನೂರಾ ಹತ್ತು! ನಾಳೆ ಬರದು ಕಳಿಸೇಬಿಡ್ತೇನಿ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ. ಹೇಳಿದರೆ ಕೆಲಸ ಹೋಗುತ್ತದೆ, ಹುಡುಗಿಯ ಶ್ರಮವೂ ಮಣ್ಣುಪಾಲು. ಹೇಳದಿದ್ದರೆ ಅವಳ ಹೆಸರಿನ ಕೆಳಗೆ ಸುಳ್ಳು ಕೂರುತ್ತದೆ.

"ಕಳಸಬ್ಯಾಡ ತಂಗಿ. ಆ ಲೆಕ್ಕ ಖೊಟ್ಟಿ ಐತಿ." ಎಲ್ಲ ಹೇಳಿದಳು.

ಉಜ್ಮಾಳ ಮುಖ ಕೆಂಪಾಯಿತು. ಎದ್ದು ಬಯಲಿನ ತುದಿಯವರೆಗೂ ನಡೆದು ಹೋದಳು. ಬಹಳ ಹೊತ್ತು ಬಿಟ್ಟು ತಿರುಗಿ ಬಂದಳು.

"ನಮಾಜಿಗೆ ಕೈ ತೊಳದ್ರ ಉಗುರಿಗೂ ನೀರು ತಾಗಬೇಕಂತ ನಾ ಉಗುರುಬಣ್ಣ ಬಿಟ್ಟೇನಿ. ನೀವು ಓತಿಕ್ಯಾತಕ್ಕ ಹಚ್ಚೀರಿ!" ಸಿಟ್ಟೋ ನಗುವೋ ತಿಳಿಯದ ದನಿ. "ಪುಸ್ತಕದಾಗ ವಾರ ಬರದೀರಿಲ್ಲೋ?"

"ಬರದೇನಿ."

"ಕುಂದರ್ರಿ ಹಂಗಾರ. ಎರಡೂ ವರ್ಷದ ಸೋಮವಾರ ಹೊಡದ ಹಾಕೂಣು, ಹೋಲಿಕಿ ಸಮ ಆಗತೈತಿ."

ಸುನಂದಾ ದಿನ ಓದಿದಳು, ಉಜ್ಮಾ ಗೀಟೆಳೆದಳು. ಬಿಸಿಲು ನೆತ್ತಿಗೆ ಬಂತು. ಕೊನೆಗೆ ಉಳಿದದ್ದು ಹೋದ ವರ್ಷದವು ನೂರಾ ಮೂವತ್ತೆಂಟು, ಈ ವರ್ಷದವು ನೂರಾ ನಲವತ್ತೊಂದು.

"ಲೆಕ್ಕ ಬೆಳದಿಲ್ಲಲ್ಲ," ಎಂದಳು ಸುನಂದಾ.

"ಅಕ್ಕಾ, ಹೋದ ವರ್ಷದ್ದ ಗುರುತಿದ್ದವು ಇದರಾಗ ಬರೇ ಆರು. ಉಳದವೆಲ್ಲ ಸತ್ತು ಹೋಗ್ಯಾವ. ಇವಕ್ಕ ಆಯುಷ್ಯನ ಒಂದು ವರ್ಷ. ಇಷ್ಟೂ ಅವುಗಳ ಮಕ್ಕಳು. ಹೋದಷ್ಟ ಹುಟ್ಟಿ ಬಂದಾವಂದ್ರ ಸಣ್ಣ ಮಾತೇನು?" ಎಂದು ಉಜ್ಮಾ ಪುಸ್ತಕ ಮಡಚಿದಳು. "ಸೋಮವಾರ ಯಾಕ ಬಿಟ್ಟೇವಿ ಅನ್ನೂದನ್ನೂ ಬರೀತೇನಿ. ನೀವು ನಾಳೆ ಬರ್ರಿ, ತಪ್ಪಸಬ್ಯಾಡ್ರಿ."

ಹತ್ತು ಮಾರು ದೂರದಲ್ಲಿ ದಪ್ಪ ಹೊಟ್ಟೆಯ ಹೆಣ್ಣು ಓತಿಯೊಂದು ಮುಂಗಾಲಿನಿಂದ ಹಸಿ ಮಣ್ಣು ಕೆದರುತ್ತಿತ್ತು. ಸುನಂದಾ ಮೆಲ್ಲಗೆ ಉಜ್ಮಾಳ ಮೊಣಕೈ ಮುಟ್ಟಿದಳು. ರಸ್ತೆಯಲ್ಲಿ ದಾಂಡೇಲಿ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಯಿತು, ಇಬ್ಬರೂ ಮಿಸುಕಲಿಲ್ಲ. ಓತಿ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಒತ್ತಿ ನೆಲ ಸಮ ಮಾಡತೊಡಗಿತು.