ಸಂಪಿನ ಕಲ್ಲು

ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಗಲಿಟ್ಟಿದ್ದ ಕಲ್ಲುಗಳನ್ನು ಕಂಡು ಪೊನ್ನುರಂಗನ ಕೈಯಲ್ಲಿದ್ದ ಪೈಪಿನ ಬೆಂಡು ಜಾರಿ ಬಿತ್ತು. ಬೆಳಿಗ್ಗೆ ಅವನು ಪೈಪು ತರಲು ಅಂಗಡಿಗೆ ಹೊರಟಾಗ ಅವು ಉಪ್ಪುನೀರಿನ ಬಕೀಟಿನಲ್ಲಿ ಕಪ್ಪಾಗಿ, ಅಲ್ಲಲ್ಲಿ ನೇರಳೆಯಾಗಿ, ಲೋಳೆ ಹಿಡಿದು ಕೂತಿದ್ದವು. ಈಗ ಬೆಳ್ಳಗೆ ಮಿಂಚುತ್ತಿದ್ದವು. ಎಂಟು ವರ್ಷದ ಕೊಳೆ ಕುಡಿದಿದ್ದ ಸ್ಪಂಜು ಪಕ್ಕದ ಹಗ್ಗಕ್ಕೆ ನೇತುಬಿದ್ದಿತ್ತು. ಹಳೇ ಸಾಮಾನು ಸುಡುವ ಭೋಗಿ ಹಬ್ಬದ ಹೊಗೆಯ ನಡುವೆಯೂ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಅವನ ತಾಯಿ ಕುಪ್ಪಮ್ಮಾಳ್ ಪೊರಕೆ ಹಿಡಿದೇ ಬಂದಳು. ಎಪ್ಪತ್ತಾರು ವರ್ಷ, ಒಂದು ಕಣ್ಣಿಗೆ ಪೊರೆ, ಕೆಲಸದಲ್ಲಿ ಮಾತ್ರ ಯಾರಿಗೂ ಕಡಿಮೆಯಿಲ್ಲ. ಹೊಗಳಿಕೆ ಬಂದೇ ಬರುತ್ತದೆ ಎಂಬ ಮುಖ.

"ಈ ಕಲ್ಲೆಲ್ಲ ಸಂಪಿಗೆ ಹೋಗ್ಬೇಕು ಅಂತ ನೀನೇ ಹೇಳಿದ್ಯಲ್ಲಪ್ಪ. ಅಷ್ಟು ಗಲೀಜು ಸಂಪಿಗೆ ಹಾಕ್ತಾರಾ? ಮೂರು ಸಲ ಬ್ಲೀಚಿಂಗ್ ಹಾಕಿ ಉಜ್ಜಿದೀನಿ. ಸೊಂಟ ಬಿದ್ದೋಯ್ತು."

ಕೊಳತ್ತೂರಿನಲ್ಲಿ ಸಂಪೆಂದರೆ ಹೊಸಿಲ ಮುಂದಿನ ನೀರಿನ ತೊಟ್ಟಿ. ಭೋಗಿ ಬಂತೆಂದರೆ ಅದನ್ನು ಬರಿದು ಮಾಡಿ, ಉಜ್ಜಿ, ಬ್ಲೀಚಿಂಗ್ ಹಾಕುವುದು ವಾಡಿಕೆ. ಪೊನ್ನುರಂಗ ಹೇಳಿದ ಸಂಪು ಬೇರೆ. ಅದು ಮೀನಿನ ತೊಟ್ಟಿಯ ಕೆಳಗಿಡುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯ ಉಪ್ಪುನೀರು ಪೈಪಿನಲ್ಲಿ ಅದಕ್ಕಿಳಿದು, ಸ್ಪಂಜು, ಕಲ್ಲುಗಳನ್ನು ಹಾದು, ಮೋಟಾರಿನಿಂದ ಮತ್ತೆ ಮೇಲೇರುತ್ತದೆ. ನೀರು ಶುದ್ಧಿ ಮಾಡುವುದು ಗಾಜೂ ಅಲ್ಲ, ಮೋಟಾರೂ ಅಲ್ಲ, ಆ ಲೋಳೆ. ಮೀನಿನ ಉಚ್ಚೆಯ ವಿಷವನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಗಳು ಅದರಲ್ಲಿರುತ್ತವೆ. ಹೊಸದಾಗಿ ಬೆಳೆಯಲು ತಿಂಗಳಾದರೂ ಬೇಕು. ಇದನ್ನೆಲ್ಲ ಅವನು ಊರವರಿಗೆಲ್ಲ ಕೊರೆದಿದ್ದ, ತಾಯಿಗೆ ಮಾತ್ರ ಒಂದು ದಿನವೂ ಹೇಳಿರಲಿಲ್ಲ.

ಹಳೇ ತೊಟ್ಟಿ ಮೊನ್ನೆ ಬಿರುಕು ಬಿಟ್ಟಿತ್ತು. ಅಂದಿನಿಂದ ಬಿಳಿ ಪಟ್ಟೆಯ ಕಿತ್ತಳೆ ಮೀನುಗಳ ಜೋಡಿ ಪೇಂಟಿನ ಬಕೀಟಿನಲ್ಲಿತ್ತು. ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಕುಪ್ಪಮ್ಮಾಳ್ ಅವಕ್ಕೆ ಅತ್ತೆ, ಅಳಿಯ ಎಂದು ಹೆಸರಿಟ್ಟಿದ್ದಳು. ಅವನ ಬೀದಿಯ ತೊಟ್ಟಿಗಳಲ್ಲಿದ್ದ ಉಳಿದ ಕಡಲಮೀನುಗಳೆಲ್ಲ ಬಲೆಗೆ ಸಿಕ್ಕಿ ಬಂದವು. ಮನೆಯೊಳಗೇ ಮೊಟ್ಟೆಯಿಟ್ಟು ಮರಿ ಮಾಡಿದ್ದು ಈ ಜೋಡಿ ಮಾತ್ರ. ಮದುವೆಯಾಗದ, ಓದು ಹತ್ತದ ಪೊನ್ನುರಂಗನನ್ನು ಜನ ಮನುಷ್ಯನೆಂದು ಎಣಿಸಲು ಶುರು ಮಾಡಿದ್ದು ಅದಾದ ಮೇಲೆಯೇ.

ಅವನು ಮೀನಿನ ಬಕೀಟಿನ ನೀರನ್ನು ಸೀಸೆಗೆ ತುಂಬಿ, ಪರೀಕ್ಷೆ ಮಾಡುವ ಔಷಧಿಯ ಹನಿ ಬಿಟ್ಟ. ಹಸಿರಾಯಿತು. ವಿಷ ಏರಿದೆ. ಅತ್ತೆ ತಳದಲ್ಲಿ ಓರೆಯಾಗಿ ನಿಂತು ಏದುಸಿರು ಬಿಡುತ್ತಿತ್ತು. ಅವನು ಜೋಡಿಸುತ್ತಿದ್ದ ಹೊಸ ತೊಟ್ಟಿಗೆ ಬಿಟ್ಟರೂ, ಲೋಳೆಯಿಲ್ಲದೆ ಅದು ದೊಡ್ಡದೊಂದು ಬಕೀಟು, ಅಷ್ಟೇ.

ಯಾರ ಬಳಿಯಾದರೂ ಲೋಳೆ ಹಿಡಿದ ಕಲ್ಲು ಸಿಕ್ಕೀತೇ ಎಂದು ಗೆಳೆಯ ಸಡಯಪ್ಪನಿಗೆ ಫೋನು ಮಾಡಿದ. ಉಪ್ಪುನೀರಿನ ತೊಟ್ಟಿಯಿದ್ದದ್ದು ಇನ್ನು ಮೂರೇ ಮನೆಗಳಲ್ಲಿ. ಒಬ್ಬ ಹಬ್ಬಕ್ಕೆ ಊರಿಗೆ ಹೋಗಿದ್ದ. ಇನ್ನೊಬ್ಬ ನೀರಿಗೆ ಮದ್ದು ಸುರಿದು ಲೋಳೆಯನ್ನೆಲ್ಲ ಕೊಂದಿದ್ದ. ಉಳಿದವನು ಆರೋಕ್ಯದಾಸ್. ಅವನು ಕ್ರಿಶ್ಚಿಯನ್, ಮನೆಯಲ್ಲಿ ಭೋಗಿಯಿಲ್ಲ, ಸ್ಪಂಜು ಹಾಗೇ ಇರುತ್ತದೆ, ಹೋಗಿ ಕೇಳು ಎಂದ ಸಡಯಪ್ಪ. ಆರೋಕ್ಯದಾಸ್ ವಿಷ ಹಾಕಿ ಹಿಡಿದ ಮೀನು ಮಾರುತ್ತಾನೆಂದು ಆರು ವರ್ಷದ ಹಿಂದೆ ಮೀನು ಸಾಕುವವರ ಸಂಘದ ತುಂಬಿದ ಸಭೆಯಲ್ಲಿ ಹೇಳಿದವನು ಪೊನ್ನುರಂಗನೇ. ಅದು ಸುಳ್ಳೆಂದು ಆಮೇಲೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ಸತ್ತರೆ ಸಾಯ್ಲಿ. ಕೊಳೆ ಸ್ಪಂಜಿಗೋಸ್ಕರ ಆ ಆರೋಕ್ಯದಾಸನ ಬಾಗಲು ತುಳಿಯಲ್ಲ" ಎಂದು ಫೋನು ಇಟ್ಟ. ತಾಯಿ ಇನ್ನೂ ಅಲ್ಲೇ ನಿಂತಿದ್ದಳು. ಮತ್ತೆ ಒದ್ದೆ ಮಾಡಿದರೆ ಸರಿಹೋಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

"ಭೋಗಿ ದಿನ ಹಳೇದನ್ನ ಆಚೆ ಹಾಕ್ಬೇಕಂತೆ" ಎಂದ ಪೊನ್ನುರಂಗ. "ಮೊದ್ಲು ನಿನ್ನ ಹಾಕ್ಬೇಕಿತ್ತು."

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಕೆಳಗಿಳಿದಳು.

ಬಕೀಟಿನ ಅರ್ಧ ನೀರು ಬದಲಿಸಿದ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆಂದು ಪೈಪು ಜೋಡಿಸಿದ, ಗಮ್ಮು ಹಚ್ಚಿದ, ಒಣಗಿದ ಮೇಲೆ ಮೋಟಾರು ಹಾಕಿದ. ನೀರು ಮೇಲೇರಿತು, ತುಂಬಿತು, ಸಂಪಿಗೆ ಇಳಿಯಿತು. ಒಂದು ಹನಿ ಸೋರಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ, ಅದರಿಂದ ಮೂರು ಕಾಸಿನ ಉಪಯೋಗವೂ ಇರಲಿಲ್ಲ. ಬಕೀಟಿನಲ್ಲಿ ಅತ್ತೆ ಪೂರ್ತಿ ಮಗ್ಗುಲಾಗಿತ್ತು. ಅಳಿಯ ಮೂತಿಯಿಂದ ಅದನ್ನು ತಿವಿಯುತ್ತಿತ್ತು.

ತೋರಿಸೋಣವೆಂದು ತಾಯಿಯನ್ನು ಕೂಗಿದ. ಕೆಳಗಿಳಿದು ನೋಡಿದ. ಚಪ್ಪಲಿ ಇರಲಿಲ್ಲ. ಕನ್ನಡಕ ಮಾತ್ರ ಕಿಟಕಿಯ ಮೇಲಿತ್ತು. ಬಾಗಿಲ ಮುಂದೆ ಬೆಳಿಗ್ಗೆ ಸುಟ್ಟ ಹಳೇ ಚಾಪೆಗಳ ಬೂದಿ ಇನ್ನೂ ಹೊಗೆಯಾಡುತ್ತಿತ್ತು. ಅದನ್ನು ದಾಟಿ ಬೀದಿಗೆ ಓಡಿದ. ರೇಷನ್ ಅಂಗಡಿ, ಅಮ್ಮನವರ ಗುಡಿ, ಬಸ್ ನಿಲ್ದಾಣ ಎಲ್ಲ ಓಡಾಡಿದ. ಕಂಡವರನ್ನೆಲ್ಲ ಕೇಳಿದ. ಏನಂದು ಕಳಿಸಿದೆ ಎಂದು ಯಾರೂ ತನ್ನನ್ನು ಕೇಳದಿದ್ದರೆ ಸಾಕು ಎನ್ನಿಸುತ್ತಿತ್ತು.

ಅವನು ಸೋತು ಮನೆಗೆ ಬಂದಾಗ ಬಾಗಿಲಲ್ಲಿ ಆಟೋ ನಿಂತಿತ್ತು. ಕುಪ್ಪಮ್ಮಾಳ್ ಮುಚ್ಚಳದ ಬಕೀಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಇಳಿಯುತ್ತಿದ್ದಳು. ಒಳಗೆ ಕಪ್ಪು ನೀರಿನಲ್ಲಿ ಕೊಳೆ ತುಂಬಿದ ಸ್ಪಂಜು, ಲೋಳೆ ಹಿಡಿದ ನಾಲ್ಕು ಕಲ್ಲು.

"ಒಣಗಬಾರ್ದಂತೆ. ಬೇಗ ಹಾಕು."

"ಕೊಟ್ನಾ ಆರೋಕ್ಯದಾಸ್?"

"ಮೊದ್ಲು ಬಾಗಲು ಹಾಕ್ಕೊಂಡ. ಮೆಟ್ಲ ಮೇಲೆ ಕೂತೆ. ಎಷ್ಟೋ ಹೊತ್ತಾದ್ಮೇಲೆ ತೆಗೆದ. ನಿಮ್ಮನೆ ಕೊಳೆ ಭಿಕ್ಷೆ ಹಾಕಪ್ಪ ಅಂದೆ. ನಗು ತಡೆಯಕ್ಕಾಗ್ಲಿಲ್ಲ ಅವನಿಗೆ. ಮೀನು ಬದುಕಿದ್ರೆ ಮರಿಗಳಿಗೆ ನನ್ನ ಹೆಸರಿಡೋಕೆ ಹೇಳಿ ನಿಮ್ಮ ಮಗನಿಗೆ ಅಂದ. ಆಟೋ ಅವನೇ ಮಾಡಿಕೊಟ್ಟ."

ಪೊನ್ನುರಂಗ ತೋರಿಸಿದಲ್ಲಿ ಅವಳೇ ಕುಕ್ಕರುಗಾಲಲ್ಲಿ ಕೂತು ಕಲ್ಲು ಜೋಡಿಸಿದಳು, ಅವನು ಹೇಳಿದಂತೆ ಸ್ಪಂಜನ್ನು ಸಂಪಿನೊಳಗೇ ಹಿಂಡಿದಳು. ತಿಳಿನೀರು ಕಲಗಚ್ಚಿನಂತಾಯಿತು. ನೆಲಕ್ಕೆ ಸಿಡಿದದ್ದನ್ನು ಒರೆಸಲಿಲ್ಲ. ಅವನು ಮೀನುಗಳನ್ನು ತೊಟ್ಟಿಗೆ ಬಿಟ್ಟ. ಅಳಿಯ ಮೂಲೆಗೆ ಈಜಿತು. ಅತ್ತೆ ತಳಕ್ಕೆ ಹೋಗಿ ಮಲಗಿತು. ಕಿವಿರು ಆಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಆಡುತ್ತಿತ್ತು.

ತಾನಾಡಿದ ಮಾತಿಗೆ ತಪ್ಪಾಯಿತು ಎನ್ನಬೇಕಿತ್ತು. ಅಮ್ಮಾ ಎಂದ. ಅವಳ ಕೈಗಳು ಕಣ್ಣಿಗೆ ಬಿದ್ದವು.

ಕುಪ್ಪಮ್ಮಾಳ್ ಮೊಣಕೈವರೆಗೆ ಕಪ್ಪಾದ ಕೈಗಳನ್ನು ಸೀರೆಗೂ ತಾಗಿಸದೆ, ನೆಲಕ್ಕೂ ಊರದೆ, ಮುಂದೆ ಚಾಚಿಕೊಂಡೇ ಕೂತಿದ್ದಳು.

"ರಂಗಾ," ಎಂದಳು, "ಕೈ ತೊಳ್ಕೋಬಹುದಾ?"

ಅವನು ಅವಳ ಪಕ್ಕದಲ್ಲಿ ಕೂತು, ಎರಡೂ ಮಣಿಕಟ್ಟು ಹಿಡಿದು ಸಂಪಿನೊಳಗೇ ಇಳಿಸಿದ. ಬ್ಲೀಚಿಂಗ್‌ಗೆ ಬಿರಿದ ಬೆರಳ ಸಂದಿಗೆ ಉಪ್ಪುನೀರು ತಾಗಿ ಅವಳು ಹಲ್ಲು ಕಚ್ಚಿದಳು. ಕೈ ಹಿಂದೆಳೆದುಕೊಳ್ಳಲಿಲ್ಲ. ಅವನು ಒಂದೊಂದೇ ಬೆರಳು ಹಿಡಿದು ನಿಧಾನವಾಗಿ ಉಜ್ಜತೊಡಗಿದ.